ಚಕ್ರಕ್ಕೆ ಗಾಳಿ ತೊಡಿಸಿದ ಪಶುವೈದ್ಯ: ಜಾನ್ ಬಾಯ್ಡ್ ಡನ್‌ಲಪ್

ಬೆಂಗಳೂರಿನ ದಂಡು ಪ್ರದೇಶದಿಂದ ಹೊರಡುವ ಹಳೆ ಮದ್ರಾಸು ರಸ್ತೆ ಹಲಸೂರು, ಇಂದಿರಾನಗರ ದಾಟಿ, ಕೃಷ್ಣರಾಜಪುರದ ಮೂಲಕ ಕೋಲಾರದ ಕಡೆಗೆ ಸಾಗುತ್ತದೆ. ಮಕ್ಕಳೇ, ಅಂಥ ರಸ್ತೆಯ ಪಕ್ಕದಲ್ಲಿ ನಿಂತಾಗ ವಾಹನಗಳನ್ನು ಬಿಟ್ಟು ಅವುಗಳ ಚಕ್ರಗಳನ್ನು ಮಾತ್ರ ಗಮನಿಸಿ. ಸೈಕಲ್ಲಿಗೆ ತೆಳ್ಳನೆಯ ಟೈರು, ಆಟೋರಿಕ್ಷಾಕ್ಕೆ ಪುಟ್ಟ ಟೈರು, ಲಾರಿಗೆ ನಿಮ್ಮ ಎದೆಯೆತ್ತರದ ಟೈರು. ನಡುವೆ ಒಂದು ಜೀಪು ಬಂದರೆ ಅದರ ಟೈರು ಬೇರೆಯೇ ತರಹ. ಅಗಲವಾಗಿ, ದಪ್ಪವಾಗಿ, ಮೈತುಂಬ ಆಳವಾದ ಉಬ್ಬುತಗ್ಗುಗಳು. ಡಾಂಬರಿಲ್ಲದ ಕಾಡುದಾರಿ, ಕೆಸರು, ಮರಳು, ಬೆಟ್ಟದ ಕಲ್ಲುಹಾದಿಗಳಲ್ಲಿ ಓಡಿಸಲು ಕೆಲವರು ಕಂಪನಿ ಕೊಟ್ಟ ಚಕ್ರಗಳನ್ನು ಬಿಚ್ಚಿಸಿ ಇಂಥವನ್ನು ಹಾಕಿಸುತ್ತಾರೆ.

ಯಾವ ದಾರಿಗೆ ಯಾವ ಟೈರು? ಉತ್ತರ ತಿಳಿಯಬೇಕಾದರೆ ಟೈರಿನೊಳಗೆ ಗಾಳಿ ಏಕೆ ಇದೆ ಎಂಬುದು ತಿಳಿದಿರಬೇಕು. ಅದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರು ಎಂಜಿನಿಯರ್ ಅಲ್ಲ, ದನ ಕುದುರೆಗಳಿಗೆ ಔಷಧ ಕೊಡುತ್ತಿದ್ದ ಒಬ್ಬ ಪಶುವೈದ್ಯರು.

ರೈತನ ಮಗ

ಜಾನ್ ಬಾಯ್ಡ್ ಡನ್‌ಲಪ್ 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರದು ಬೇಸಾಯದ ಮನೆತನ. ಎಡಿನ್‌ಬರೋದಲ್ಲಿ ಪಶುವೈದ್ಯ ಶಿಕ್ಷಣ ಪಡೆದ ಅವರು 1867ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದರು. ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ಅವರ ಚಿಕಿತ್ಸಾಲಯ ಚೆನ್ನಾಗಿ ಬೆಳೆಯಿತು.

ಆ ಕಾಲದ ರಸ್ತೆಗಳನ್ನು ಊಹಿಸಿಕೊಳ್ಳಿ. ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸಿದ್ದರು. ಗಾಡಿಗಳ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಡಿದಿರುತ್ತಿತ್ತು. ನಮ್ಮಲ್ಲೂ 1809ರಲ್ಲಿ ಸ್ಥಾಪನೆಯಾದ ಬೆಂಗಳೂರು ದಂಡಿನ ಬೀದಿಗಳಲ್ಲಿ ಓಡಾಡುತ್ತಿದ್ದುದು ಎತ್ತಿನ ಗಾಡಿ, ಕುದುರೆ ಗಾಡಿಗಳೇ. ಕಬ್ಬಿಣದ ಪಟ್ಟಿ ಸವೆಯುವುದು ನಿಧಾನ, ನಿಜ. ಆದರೆ ಅದು ಬಗ್ಗುವುದಿಲ್ಲ. ದಾರಿಯ ಒಂದೊಂದು ಕಲ್ಲಿಗೂ ಚಕ್ರ, ಗಾಡಿ, ಒಳಗೆ ಕುಳಿತವರು ಎಲ್ಲರೂ ಎಗರಬೇಕು. ಹೀಗೆ ಎಗರುವುದಕ್ಕೆ ಖರ್ಚಾಗುವ ಶಕ್ತಿ ಎಳೆಯುವ ಪ್ರಾಣಿಯ ಮೈಯಿಂದಲೇ ಬರಬೇಕು. ಗಾಡಿಕುದುರೆಗಳ ನಡುವೆ ದಿನ ಕಳೆಯುತ್ತಿದ್ದ ಪಶುವೈದ್ಯರಿಗೆ ಈ ಕಷ್ಟ ಹೊಸದಾಗಿರಲಿಲ್ಲ.

ಅಂಗಳದಲ್ಲಿ ಒಂದು ಪ್ರಯೋಗ

ಡನ್‌ಲಪ್ ಅವರಿಗೆ ಜಾನಿ ಎಂಬ ಮಗನಿದ್ದ. ಅವನಿಗೆ ಮೂರು ಚಕ್ರದ ಸೈಕಲ್ ತುಳಿಯುವುದೆಂದರೆ ಬಲು ಇಷ್ಟ. ಆದರೆ ಗಟ್ಟಿ ಚಕ್ರದ ಸೈಕಲ್ ಕಲ್ಲುಹಾಸಿನ ಮೇಲೆ ಅವನ ಮೈಯನ್ನೆಲ್ಲ ಕುಲುಕಿ ಹಾಕುತ್ತಿತ್ತು. ಮಗನಿಗೆ ಈ ಕುಲುಕಾಟ ತಪ್ಪಿಸುವುದು ಹೇಗೆ ಎಂದು ತಂದೆ ಯೋಚಿಸಿದರು.

1887ರಲ್ಲಿ ಅವರು ಸುಮಾರು 96 ಸೆಂ.ಮೀ. ಅಡ್ಡಳತೆಯ ಮರದ ಬಿಲ್ಲೆಯೊಂದನ್ನು ತೆಗೆದುಕೊಂಡರು. ತೆಳುವಾದ ರಬ್ಬರ್ ಹಾಳೆಯಿಂದ ಕೊಳವೆ ಮಾಡಿ ಬಿಲ್ಲೆಯ ಅಂಚಿಗೆ ಸುತ್ತಿದರು. ಅದರ ಮೇಲೆ ಬಟ್ಟೆಯ ಹೊದಿಕೆ ಬಿಗಿದು ಮೊಳೆ ಹೊಡೆದರು. ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಕೊಳವೆಗೆ ಗಾಳಿ ತುಂಬಿದರು.

ಮುಂದಿನ ಕೆಲಸ ನೋಡಿ. ಗಾಳಿ ತುಂಬಿದ ಚಕ್ರವೇ ಉತ್ತಮ ಎಂದು ಅವರು ಸುಮ್ಮನೆ ತೀರ್ಮಾನಿಸಲಿಲ್ಲ. ಜಾನಿಯ ಸೈಕಲ್ಲಿನ ಒಂದು ಚಕ್ರವನ್ನು ಬಿಚ್ಚಿ, ಅದನ್ನೂ ತಾವು ಮಾಡಿದ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿ ಹೋಲಿಸಿದರು. ಹಳೆಯ ಚಕ್ರ ಅರ್ಧದಲ್ಲೇ ಬಿದ್ದುಹೋಯಿತು. ಗಾಳಿ ಚಕ್ರ ಅಂಗಳವನ್ನೆಲ್ಲ ದಾಟಿ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು!

ಏಕೆ ಹೀಗಾಯಿತು? ಗಟ್ಟಿ ಚಕ್ರ ಕಲ್ಲನ್ನು ಹತ್ತಿ ಇಳಿಯಬೇಕು. ಪ್ರತಿ ಸಲವೂ ಒಂದಿಷ್ಟು ಶಕ್ತಿ ನಷ್ಟ. ಗಾಳಿ ಟೈರು ಕಲ್ಲು ಸಿಕ್ಕಿದಲ್ಲಿ ಮಾತ್ರ ಒಳಕ್ಕೆ ಒತ್ತಿಕೊಳ್ಳುತ್ತದೆ, ದಾಟಿದ ಕೂಡಲೇ ಮೊದಲಿನಂತಾಗುತ್ತದೆ. ಚಕ್ರದ ನಡುಭಾಗ ಹೆಚ್ಚು ಮೇಲೇಳುವುದೇ ಇಲ್ಲ. ಹೀಗಾಗಿ ಕುಲುಕಾಟವೂ ಕಡಿಮೆ, ಶಕ್ತಿಯೂ ಉಳಿತಾಯ. ಬಳಿಕ ಡನ್‌ಲಪ್ ಮಗನ ಸೈಕಲ್ಲಿನ ಹಿಂದಿನ ಎರಡು ಚಕ್ರಗಳಿಗೂ ಗಾಳಿ ಟೈರು ಹಾಕಿಕೊಟ್ಟರು.

ಓಟದ ಪಂದ್ಯ

1888ರ ಡಿಸೆಂಬರ್ 7ರಂದು ಡನ್‌ಲಪ್ ಅವರಿಗೆ ಪೇಟೆಂಟು ದೊರೆಯಿತು. ತಾನು ಕಂಡುಹಿಡಿದದ್ದನ್ನು ಬೇರೆಯವರು ಅನುಮತಿಯಿಲ್ಲದೆ ಮಾಡಿ ಮಾರದಂತೆ ಸರ್ಕಾರ ಕೊಡುವ ಹಕ್ಕಿಗೆ ಪೇಟೆಂಟು ಎನ್ನುತ್ತಾರೆ.

ಮರುವರ್ಷ, 1889ರ ಮೇ 18ರಂದು ಬೆಲ್‌ಫಾಸ್ಟಿನಲ್ಲಿ ಸೈಕಲ್ ಪಂದ್ಯಗಳು ನಡೆದವು. ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿ ಟೈರಿನ ಸೈಕಲ್ ತಂದಿದ್ದರು. ಅಂದು ಅವರು ನಾಲ್ಕೂ ಪಂದ್ಯಗಳನ್ನು ಗೆದ್ದರು. ಹ್ಯೂಮ್ ಎದುರು ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ವ್ಯಾಪಾರಿಯ ಮಕ್ಕಳೂ ಇದ್ದರು. ಸೋಲಿನ ಕಾರಣ ತಿಳಿದುಕೊಂಡ ಡು ಕ್ರಾಸ್ ಅದೇ ವರ್ಷ ಡನ್‌ಲಪ್ ಜೊತೆ ಸೇರಿ ಡಬ್ಲಿನ್ ನಗರದಲ್ಲಿ ಟೈರು ಕಂಪನಿ ಆರಂಭಿಸಿದರು.

ಕೈಬಿಟ್ಟ ಹಕ್ಕು

ಎಲ್ಲವೂ ಸರಿಹೋಯಿತು ಎನ್ನುವಷ್ಟರಲ್ಲಿ ಒಂದು ಹಳೆಯ ಕಾಗದ ಬೆಳಕಿಗೆ ಬಂತು. ಸ್ಕಾಟ್ಲೆಂಡಿನವರೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಎಂಜಿನಿಯರ್ 1845ರಲ್ಲೇ ಗಾಳಿ ಚಕ್ರಕ್ಕೆ ಪೇಟೆಂಟು ಪಡೆದಿದ್ದರು! ಆಗ ಡನ್‌ಲಪ್ ಐದು ವರ್ಷದ ಬಾಲಕ. ಥಾಮ್ಸನ್ ತಮ್ಮ ಚಕ್ರಗಳನ್ನು ಲಂಡನ್ನಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ್ದರು. ಆದರೆ ಆಗ ರಬ್ಬರ್ ದುಬಾರಿ. ಸೈಕಲ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಕೊಳ್ಳುವವರಿಲ್ಲದೆ ಜನ ಅದನ್ನು ಮರೆತೇಬಿಟ್ಟರು. ಥಾಮ್ಸನ್ 1873ರಲ್ಲಿ ತೀರಿಕೊಂಡರು.

ಡನ್‌ಲಪ್ ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಸ್ವತಃ ಯೋಚಿಸಿ, ಪ್ರಯೋಗ ಮಾಡಿ ಕಂಡುಕೊಂಡಿದ್ದರು. ಆದರೂ ಕಾನೂನಿನ ಪ್ರಕಾರ ಮೊದಲಿಗರು ಥಾಮ್ಸನ್. ಡನ್‌ಲಪ್ ಪೇಟೆಂಟು ಊರ್ಜಿತವಾಗಲಿಲ್ಲ. ಟೈರನ್ನು ರಿಮ್ಮಿಗೆ ಭದ್ರವಾಗಿ ಕೂರಿಸುವ, ಬೇಕೆಂದಾಗ ಬಿಚ್ಚುವ ಬೇರೆ ಉಪಾಯಗಳ ಪೇಟೆಂಟುಗಳನ್ನು ಕೊಂಡು ಕಂಪನಿ ಉಳಿದುಕೊಂಡಿತು. ಕೆಲವೇ ವರ್ಷಗಳಲ್ಲಿ ಡನ್‌ಲಪ್ ಕಂಪನಿಯಿಂದ ಹೊರಬಂದರು. 1896ರಲ್ಲಿ ಕಂಪನಿ 30 ಲಕ್ಷ ಪೌಂಡುಗಳಿಗೆ ಮಾರಾಟವಾದಾಗ ಆ ಸಿರಿ ಅವರ ಪಾಲಿಗೆ ಬರಲಿಲ್ಲ. ಅವರು 1921ರ ಅಕ್ಟೋಬರ್ 23ರಂದು ಡಬ್ಲಿನ್ನಿನಲ್ಲಿ ನಿಧನರಾದರು.

ಹಾಗಾದರೆ ಗಾಳಿ ಟೈರಿನ ಜನಕ ಯಾರು? ಮೊದಲು ಹೊಳೆದದ್ದು ಥಾಮ್ಸನ್‌ಗೆ. ಜನರ ಕೈಗೆ ತಲುಪಿಸಿದ್ದು ಡನ್‌ಲಪ್. ಇಬ್ಬರನ್ನೂ ನೆನೆಯುವುದೇ ನ್ಯಾಯ. ಡನ್‌ಲಪ್ ಹೆಸರಿನ ಕಂಪನಿ 1936ರಲ್ಲಿ ಪಶ್ಚಿಮ ಬಂಗಾಳದ ಸಾಹಾಗಂಜ್‌ನಲ್ಲಿ ಟೈರು ಕಾರ್ಖಾನೆ ತೆರೆಯಿತು. ನಮ್ಮ ಮೈಸೂರಿನಲ್ಲೂ ಟೈರು ತಯಾರಾಗುತ್ತದೆ, ಸುಳ್ಯದ ಸುತ್ತಮುತ್ತ ರಬ್ಬರ್ ತೋಟಗಳಿವೆ.

ಜೀಪಿಗೆ ಯಾವ ಟೈರು?

ಡನ್‌ಲಪ್ ಮೊದಲು ದಾರಿಯನ್ನು ನೋಡಿದರು, ಆಮೇಲೆ ಚಕ್ರ ಮಾಡಿದರು. ಇಂದು ಟೈರು ಆರಿಸುವವರೂ ಹಾಗೆಯೇ ಮಾಡಬೇಕು.

1600 ಕಿ.ಗ್ರಾಂ. ತೂಕದ ಜೀಪಿನ ಒಂದೊಂದು ಚಕ್ರದ ಮೇಲೆ ಸುಮಾರು 400 ಕಿ.ಗ್ರಾಂ. ಭಾರ ಬೀಳುತ್ತದೆ. ಟೈರಿನೊಳಗಿನ ಗಾಳಿ ಪ್ರತಿ ಚದರ ಸೆಂ.ಮೀ.ಗೆ 2 ಕಿ.ಗ್ರಾಂ. ಒತ್ತುತ್ತಿದ್ದರೆ, ಟೈರು ಸುಮಾರು 200 ಚದರ ಸೆಂ.ಮೀ. ನೆಲವನ್ನು ಮುಟ್ಟಬೇಕು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ ಸುಮಾರು 400 ಚದರ ಸೆಂ.ಮೀ. ಮುಟ್ಟುತ್ತದೆ. ಭಾರ ಹರಡಿಕೊಳ್ಳುವುದರಿಂದ ಚಕ್ರ ಮರಳಿನಲ್ಲಿ ಹೂತುಹೋಗುವುದಿಲ್ಲ. ಒಂಟೆಯ ಪಾದ ಅಗಲವಾಗಿರುವುದೂ ಇದಕ್ಕೇ ಅಲ್ಲವೇ? ಅದಕ್ಕಾಗಿಯೇ ಮರಳಿಗಿಳಿಯುವ ಚಾಲಕರು ಗಾಳಿ ಇಳಿಸುತ್ತಾರೆ. ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯಬಹುದು.

ಟೈರಿನ ಪಕ್ಕದಲ್ಲಿ 235/75 ಆರ್ 15 ಎಂಬಂಥ ಬರಹ ಇರುತ್ತದೆ. 235 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡ 75ರಷ್ಟು. ಆರ್ ಎಂಬುದು ಒಳಗಿನ ಎಳೆಗಳನ್ನು ಜೋಡಿಸಿದ ರೇಡಿಯಲ್ ಕ್ರಮ. 15 ಎಂಬುದು ಕೂರಿಸಬೇಕಾದ ರಿಮ್ಮಿನ ಅಡ್ಡಳತೆ, ಅಂಗುಲದಲ್ಲಿ. ಈ ಟೈರಿನ ಪಕ್ಕದ ಗೋಡೆ ಸುಮಾರು 176 ಮಿ.ಮೀ. ಹೊಳೆಯುವ 17 ಅಂಗುಲದ ರಿಮ್ಮಿನ ಆಸೆಗೆ 235/65 ಆರ್ 17 ಹಾಕಿಸಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಪಕ್ಕದ ಗೋಡೆ ಸುಮಾರು 153 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ಗಾಳಿಯ ಮೆತ್ತೆ ತೆಳುವಾಗುತ್ತದೆ, ಕಲ್ಲಿನ ಹೊಡೆತ ರಿಮ್ಮಿಗೆ ಬೇಗ ತಲುಪುತ್ತದೆ. ಕಲ್ಲುಹಾದಿಗೆ ಚಿಕ್ಕ ರಿಮ್ಮು, ಎತ್ತರದ ಪಕ್ಕ ಇರುವ ಟೈರೇ ಮೇಲು.

ಹಾಗೆಂದು ದೊಡ್ಡ ಟೈರೆಲ್ಲ ಒಳ್ಳೆಯದಲ್ಲ. ಟೈರಿನ ಎತ್ತರ ಶೇಕಡ 5 ಹೆಚ್ಚಿದರೆ, ವೇಗಮಾಪಕ 60 ತೋರಿಸುವಾಗ ಜೀಪು 63 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೂ ಹೆಚ್ಚು ಕೆಲಸ, ಇಂಧನಕ್ಕೂ ಹೆಚ್ಚು ಖರ್ಚು. ಕೆಸರಿನ ಟೈರಿನ ಆಳವಾದ ಉಬ್ಬುಗಳು ಕೆಸರನ್ನು ಚೆನ್ನಾಗಿ ಹಿಡಿಯುತ್ತವೆ. ಆದರೆ ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಅವುಗಳ ಹಿಡಿತ ಕಡಿಮೆ. ವಾರವೆಲ್ಲ ಊರಲ್ಲೇ ಓಡುವ ಜೀಪಿಗೆ ಎರಡಕ್ಕೂ ಸಲ್ಲುವ ನಡುತರದ ಟೈರು ಸಾಕು. ಬೇರೆ ರಿಮ್ಮು ಕೊಳ್ಳುವಾಗ ಬೋಲ್ಟುಗಳ ಸಂಖ್ಯೆ, ಅವುಗಳ ನಡುವಿನ ಅಂತರ ಸರಿಹೊಂದಲೇಬೇಕು. ಶಿವಾಜಿನಗರದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುವ ರಿಮ್ಮಿಗೂ ಇದೇ ನಿಯಮ. ಬಾಗಿದ, ಬಿರುಕುಬಿಟ್ಟ ರಿಮ್ಮು ಎಷ್ಟು ಅಗ್ಗವಾದರೂ ಬೇಡ.

ಮಾಡಿ ನೋಡಿ

1. ನೆಲದ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹರಡಿ. ಪೂರ್ತಿ ಗಾಳಿ ತುಂಬಿದ ಕಾಲ್ಚೆಂಡನ್ನು ಅದರ ಮೇಲೆ ಕೈಯಿಂದ ಒತ್ತಿ. ಚೆಂಡಿಗೆ ಅಂಟಿದ ಪುಡಿಯ ಗುರುತಿನ ಅಗಲ ಅಳೆಯಿರಿ. ಸ್ವಲ್ಪ ಗಾಳಿ ತೆಗೆದು ಅಷ್ಟೇ ಬಲದಿಂದ ಮತ್ತೆ ಒತ್ತಿ. ಯಾವ ಗುರುತು ದೊಡ್ಡದು?

2. ನಿಲ್ಲಿಸಿರುವ ವಾಹನದ ಟೈರಿನ ಮೇಲಿನ ಸಂಖ್ಯೆಗಳನ್ನು, ದೊಡ್ಡವರು ಜೊತೆಗಿರುವಾಗ, ಬರೆದುಕೊಳ್ಳಿ. ಪಕ್ಕದ ಗೋಡೆಯ ಎತ್ತರ ಲೆಕ್ಕ ಹಾಕಿ. ಒಂದು ಅಂಗುಲ ಎಂದರೆ 25.4 ಮಿ.ಮೀ.

3. ಸೈಕಲ್ ಅಂಗಡಿಯಲ್ಲಿ ವಾಲ್ವ್ ತೋರಿಸಲು ಕೇಳಿ. ಪುಟ್ಟ ರಬ್ಬರ್ ನಳಿಗೆ ತೊಡಿಸಿದ ಆ ವಾಲ್ವಿಗೆ ಇಂದಿಗೂ ಡನ್‌ಲಪ್ ವಾಲ್ವ್ ಎಂದೇ ಹೆಸರು. ಒಳಗೆ ಹೋದ ಗಾಳಿಯನ್ನು ಅದು ಹೊರಗೆ ಬಿಡದಿರುವುದು ಹೇಗೆ? ಚಿತ್ರ ಬರೆದು ನಿಮ್ಮ ಶಿಕ್ಷಕರಿಗೆ ವಿವರಿಸಿ.