ಆರು ಚುಕ್ಕಿಗಳ ಗುರು



1969ರಲ್ಲಿ ಆರಂಭವಾದ, ನಮ್ಮ ಜೆ.ಪಿ. ನಗರದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ದೃಷ್ಟಿಯಿಲ್ಲದ ಮಕ್ಕಳು ಬೆರಳ ತುದಿಯಿಂದ ಓದುವ ಚುಕ್ಕಿಗಳನ್ನು ರೂಪಿಸಿದವನು ಯಾವ ಪಂಡಿತನೂ ಅಲ್ಲ, ಹದಿನೈದು ವರ್ಷದ ಒಬ್ಬ ವಿದ್ಯಾರ್ಥಿ.

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ಬಳಿಯ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು, ಲಗಾಮು ಹೊಲಿಯುವವರು. ಮೂರು ವರ್ಷದವನಿದ್ದಾಗ ಚರ್ಮಕ್ಕೆ ತೂತು ಹಾಕುವ ಮೊನೆ ಅವನ ಕಣ್ಣಿಗೆ ಚುಚ್ಚಿತು. ನಂಜು ಇನ್ನೊಂದು ಕಣ್ಣಿಗೂ ಹರಡಿ ದೃಷ್ಟಿ ಪೂರ್ತಿ ಹೋಯಿತು. ಊರಿನ ಧರ್ಮಗುರುಗಳು ಮಗುವನ್ನು ಕೈಬಿಡಲಿಲ್ಲ. ತಾವೇ ಪಾಠ ಹೇಳಿಕೊಟ್ಟರು, ಕಣ್ಣುಳ್ಳ ಮಕ್ಕಳ ಶಾಲೆಯಲ್ಲೇ ಅವನು ಕೂರುವಂತೆ ಮಾಡಿದರು.

1819ರಲ್ಲಿ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿದ್ದವು ಉಬ್ಬಚ್ಚಿನ ದಪ್ಪ ಪುಸ್ತಕಗಳು. ಕಣ್ಣುಳ್ಳವರು ತಾವು ಓದುವ ಅಕ್ಷರಗಳನ್ನೇ ಉಬ್ಬಿಸಿ ಇಟ್ಟಿದ್ದರು. ಪುಣ್ಯದ ಕೆಲಸವೇ ಸರಿ, ಆದರೆ ಒಂದೊಂದು ಅಕ್ಷರವನ್ನೂ ತಡವಿ ತಡವಿ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತುಹೋಗುತ್ತಿತ್ತು. ಬರೆಯುವ ಮಾತಂತೂ ದೂರ. 1821ರಲ್ಲಿ ಬಾರ್ಬಿಯೆ ಎಂಬ ಸೇನಾಧಿಕಾರಿಯ ಚುಕ್ಕಿ ಲಿಪಿ ಶಾಲೆಗೆ ಬಂತು. ಅದರಲ್ಲಿ ಒಂದು ಗುರುತಿಗೆ ಹನ್ನೆರಡು ಚುಕ್ಕಿಗಳವರೆಗೆ! ಬೆರಳ ತುದಿ ಅಷ್ಟನ್ನು ಒಂದೇ ಸ್ಪರ್ಶಕ್ಕೆ ಹಿಡಿಯಲಾರದು. ಇದು ಬಾರ್ಬಿಯೆಯ ಬುದ್ಧಿಗೆ ಹೊಳೆಯಲಿಲ್ಲ, ಲೂಯಿಯ ಬೆರಳಿಗೆ ಹೊಳೆಯಿತು. ರಜೆಯಲ್ಲೂ ಬಿಡದೆ ಕಾಗದ, ಮೊನೆ ಹಿಡಿದು ಕೂತ. (ಕಣ್ಣು ಕಳೆದದ್ದೂ ಒಂದು ಮೊನೆಯೇ ಅಲ್ಲವೇ!) 1824ರ ಹೊತ್ತಿಗೆ ಹನ್ನೆರಡು ಆರಾಯಿತು. 1829ರಲ್ಲಿ ಅಚ್ಚಾದ ಪುಸ್ತಕದಲ್ಲಿ ಬಾರ್ಬಿಯೆಯ ಋಣವನ್ನು ಸ್ಮರಿಸಲು ಅವನು ಮರೆಯಲಿಲ್ಲ.

ಮುಂದೆ ಬ್ರೈಲ್ ಅದೇ ಶಾಲೆಯ ಅಧ್ಯಾಪಕರಾದರು, ದೇವಾಲಯದಲ್ಲಿ ಆರ್ಗನ್ ನುಡಿಸಿದರು. ಅವರ ಇನ್ನೊಂದು ಕೆಲಸ ಹೆಚ್ಚು ಜನರಿಗೆ ತಿಳಿಯದು. ಆರು ಚುಕ್ಕಿಯಲ್ಲಿ ಮಗ ಕಾಗದ ಬರೆದರೆ ಊರಲ್ಲಿರುವ ತಾಯಿ ಓದುವುದು ಹೇಗೆ? 1839ರಲ್ಲಿ, ಸಾಮಾನ್ಯ ಅಕ್ಷರಗಳನ್ನೇ ಚುಕ್ಕಿಗಳಿಂದ ಮೂಡಿಸುವ ವಿಧಾನವನ್ನು ಅವರು ಪ್ರಕಟಿಸಿದರು. ಅಂಧ ಗೆಳೆಯ ಫೂಕೋ ಅದಕ್ಕೊಂದು ಯಂತ್ರ ಕಟ್ಟಿದರು. ಕಾಣದವರು ಕಾಣುವವರ ಕಷ್ಟವನ್ನು ಯೋಚಿಸಿದರು ನೋಡಿ!

ಶಾಲೆಯ ಮುಖ್ಯಸ್ಥರು ಕೆಲವು ಕಾಲ ಆರು ಚುಕ್ಕಿಯ ಲಿಪಿಯನ್ನು ದೂರವಿಟ್ಟರು, ಮಕ್ಕಳು ಬಿಡಲಿಲ್ಲ. 1852ರ ಜನವರಿ 6ರಂದು ಕ್ಷಯರೋಗದಿಂದ ಬ್ರೈಲ್ ತೀರಿಕೊಂಡಾಗ ವಯಸ್ಸು 43. ಫ್ರಾನ್ಸ್ ಸರಕಾರ ಅವರ ಲಿಪಿಯನ್ನು ಒಪ್ಪಿದ್ದು 1854ರಲ್ಲಿ. ಕನ್ನಡವೂ ಸೇರಿದ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು.

ತಂದೆತಾಯಿಗಳೇ, ಜಯನಗರ, ಬನಶಂಕರಿಯ ಶಾಲೆಗಳಲ್ಲಿ ಓದುವ ನಿಮ್ಮ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆಂದು ಅಂಧರಿಗೆ ನೆರವಾಗುವ ಏನನ್ನಾದರೂ ರಟ್ಟು, ಅಂಟಿನಲ್ಲಿ ಮಾಡಿಕೊಂಡು ಬಂದರೆ, ಬಹುಮಾನದ ಮಾತು ಆಮೇಲೆ. ಮೊದಲು ಅದನ್ನು ಒಬ್ಬ ಅಂಧ ಮಗುವಿನ ಕೈಗೆ ಕೊಡಿಸಿ. ಆ ಮಗು ಸರಿಯಿಲ್ಲ ಎಂದರೆ ನಿಮ್ಮ ಮಗು ಮನೆಗೆ ಬಂದು ಮತ್ತೆ ಕತ್ತರಿ ಹಿಡಿಯಲಿ.