ದುರ್ವಾಸನೆಯನ್ನು ಮಣ್ಣಿನಿಂದ ಗೆದ್ದ ಹೆನ್ರಿ ಮೌಲ್

ಮಕ್ಕಳೇ, ಬೆಕ್ಕು ಹೊರಕಡೆಗೆ ಹೋಗುವ ರೀತಿಯನ್ನು ನೀವು ಗಮನಿಸಿದ್ದೀರಾ? ಅದು ಮೊದಲು ಸಡಿಲವಾದ ಒಣ ಮಣ್ಣನ್ನು ಹುಡುಕುತ್ತದೆ. ಮುಂಗಾಲಿನಿಂದ ಚಿಕ್ಕ ಗುಂಡಿ ತೋಡುತ್ತದೆ. ಕೆಲಸ ಮುಗಿದ ಮೇಲೆ ತಿರುಗಿ ನಿಂತು ಮೂಸಿ ನೋಡುತ್ತದೆ. ಆಮೇಲೆ ಮಣ್ಣನ್ನು ಎಳೆದು ಮುಚ್ಚುತ್ತದೆ. ವಾಸನೆ ಬರುತ್ತಿದ್ದರೆ ಇನ್ನಷ್ಟು ಮಣ್ಣು ಎಳೆಯುತ್ತದೆ.

ಅಂಗಳವಿಲ್ಲದ ಪಟ್ಟಣದ ಮನೆಗಳಲ್ಲಿ ಬೆಕ್ಕು ಸಾಕುವವರು ಮೂಲೆಯಲ್ಲಿ ಒಂದು ಅಗಲವಾದ ಬುಟ್ಟಿ ಇಟ್ಟು ಅದರಲ್ಲಿ ಮಣ್ಣು ಅಥವಾ ಮರಳು ತುಂಬಿರುತ್ತಾರೆ. ಎರಡು ದಿನ ಅದನ್ನು ಶುಚಿ ಮಾಡದಿದ್ದರೆ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ! ಈ ವಾಸನೆಯನ್ನು ತಡೆಯುವುದು ಹೇಗೆ? ಇಂಥದೇ ಪ್ರಶ್ನೆಯನ್ನು ಸುಮಾರು ನೂರ ಅರವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಒಬ್ಬ ಪಾದ್ರಿ ಮನುಷ್ಯರ ಶೌಚಾಲಯದ ಬಗ್ಗೆ ಕೇಳಿಕೊಂಡರು. ಅವರು ಕಂಡುಕೊಂಡ ಉತ್ತರವೂ ಬೆಕ್ಕಿನ ಉತ್ತರವೂ ಒಂದೇ ಆಗಿತ್ತು. ಅವರ ಹೆಸರು ಹೆನ್ರಿ ಮೌಲ್.

ಜನ ಇಷ್ಟಪಡದ ಪಾದ್ರಿ

ಹೆನ್ರಿ ಮೌಲ್ 1801ರಲ್ಲಿ ಇಂಗ್ಲೆಂಡಿನ ಮೆಲ್ಕ್‌ಷಮ್ ಎಂಬ ಊರಿನಲ್ಲಿ ಹುಟ್ಟಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿ 1821ರಲ್ಲಿ ಪದವಿ ಪಡೆದರು. 1829ರಲ್ಲಿ ಡಾರ್ಚೆಸ್ಟರ್ ಪಟ್ಟಣಕ್ಕೆ ಅಂಟಿಕೊಂಡಿದ್ದ ಫೋರ್ಡಿಂಗ್ಟನ್ ಎಂಬಲ್ಲಿಗೆ ಪಾದ್ರಿಯಾಗಿ ಬಂದರು. ಜೀವನದ ಕೊನೆಯವರೆಗೂ ಅಲ್ಲಿಯೇ ಇದ್ದರು.

ಮೊದಮೊದಲು ಊರಿನವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ತುಂಬ ಕಟ್ಟುನಿಟ್ಟಿನ ಮನುಷ್ಯರು. ಕುದುರೆ ಪಂದ್ಯದ ಹೆಸರಿನಲ್ಲಿ ನಡೆಯುತ್ತಿದ್ದ ಕುಡಿತ ಮತ್ತು ಜೂಜನ್ನು ಅವರು ವಿರೋಧಿಸಿದ್ದರು. ಇದರಿಂದ ಅನೇಕರು ಸಿಟ್ಟಾಗಿದ್ದರು. ಆದರೆ ಮುಂದೆ ಬಂದ ಒಂದು ದೊಡ್ಡ ಆಪತ್ತು ಜನರ ಮನಸ್ಸನ್ನು ಬದಲಾಯಿಸಿತು.

ಕಾಲರಾ ಬಂತು

ಫೋರ್ಡಿಂಗ್ಟನ್‌ನಲ್ಲಿ ಬಡವರ ಮನೆಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಬಹುಪಾಲು ಮನೆಗಳಿಗೆ ಶೌಚಾಲಯವೇ ಇರಲಿಲ್ಲ. ಹೊಲಸನ್ನು ಬೀದಿಗೆ ಅಥವಾ ತೆರೆದ ಚರಂಡಿಗೆ ಚೆಲ್ಲುತ್ತಿದ್ದರು. ಅದು ಹರಿದು ಹೋಗಿ ಸೇರುತ್ತಿದ್ದ ನೀರನ್ನೇ ತೊಳೆಯಲು, ಅಡುಗೆ ಮಾಡಲು ಬಳಸುತ್ತಿದ್ದರು.

ಇಂಥ ಜಾಗಕ್ಕೆ 1849ರಲ್ಲಿ ಮತ್ತು 1854ರಲ್ಲಿ ಕಾಲರಾ ರೋಗ ಬಂದಿತು. 1854ರಲ್ಲಿ ಲಂಡನ್ನಿನ ಜೈಲಿನಿಂದ ಕೈದಿಗಳನ್ನು ಡಾರ್ಚೆಸ್ಟರ್‌ಗೆ ತಂದಿದ್ದರು. ಅವರ ಬಟ್ಟೆಗಳನ್ನು ಒಗೆಯಲು ಫೋರ್ಡಿಂಗ್ಟನ್‌ನ ಹೆಂಗಸರಿಗೆ ಕೊಟ್ಟರು. ಅದರೊಂದಿಗೆ ರೋಗವೂ ಬಂದಿತು. ಭಯದಿಂದ ಅನೇಕರು ದೂರ ನಿಂತಾಗ ಮೌಲ್ ಮಾತ್ರ ಮನೆಮನೆಗೆ ಹೋದರು. ರೋಗಿಗಳನ್ನು ನೋಡಿಕೊಂಡರು. ಸೋಂಕು ತಗಲಿದ ಬಟ್ಟೆಗಳನ್ನು ಕುದಿಸಲು, ಸುಡಲು ಏರ್ಪಾಡು ಮಾಡಿದರು. ಅಂದಿನಿಂದ ಊರಿನವರು ಅವರನ್ನು ತಮ್ಮವರೆಂದು ತಿಳಿದರು.

ಆ ಜಾಗವು ರಾಜಮನೆತನದ ಎಸ್ಟೇಟಿಗೆ ಸೇರಿತ್ತು. ಆದ್ದರಿಂದ ಮೌಲ್ ಅವರು ವಿಕ್ಟೋರಿಯಾ ರಾಣಿಯ ಪತಿ ಪ್ರಿನ್ಸ್ ಆಲ್ಬರ್ಟ್ ಅವರಿಗೆ ಎಂಟು ಪತ್ರಗಳನ್ನು ಬರೆದರು. ಬಡವರ ಮನೆಗಳ ಸ್ಥಿತಿಯನ್ನು ಅವುಗಳಲ್ಲಿ ವಿವರಿಸಿದರು. ಕೂಡಲೇ ಪರಿಹಾರ ಸಿಗಲಿಲ್ಲ. ಇನ್ನು ತಾವೇ ಏನಾದರೂ ಮಾಡಬೇಕು ಎಂದು ಅವರಿಗೆ ಅನ್ನಿಸಿತು.

1859ರ ಬೇಸಿಗೆ

1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಹೊಲಸಿನಿಂದ ಎಷ್ಟು ನಾರಿತೆಂದರೆ, ನದಿಯ ದಂಡೆಯ ಮೇಲಿದ್ದ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಯಿತು. ಹೊಲಸನ್ನು ನೀರಿಗೆ ಬಿಟ್ಟರೆ ಅದು ಹೋಗುವುದಿಲ್ಲ, ಬೇರೆಯವರ ಬಳಿಗೆ ಹರಿದು ಹೋಗುತ್ತದೆ ಅಷ್ಟೇ ಎಂಬುದು ಎಲ್ಲರಿಗೂ ಕಂಡಿತು.

ಮರುವರ್ಷ, 1859ರಲ್ಲಿ, ಮೌಲ್ ತಮ್ಮ ಮನೆಯ ಕಕ್ಕಸುಗುಂಡಿಯನ್ನು ಮುಚ್ಚಿಸಿಬಿಟ್ಟರು. ಅದರ ವಾಸನೆಯಿಂದ ನೆರೆಮನೆಯವರಿಗೆ ತೊಂದರೆಯಾಗುತ್ತಿತ್ತು. ಮನೆಯವರೆಲ್ಲ ಬಕೆಟ್ ಬಳಸಬೇಕೆಂದು ಹೇಳಿದರು. ಬಕೆಟ್ಟಿನಲ್ಲಿದ್ದುದನ್ನು ತೋಟದಲ್ಲಿ ಸುಮಾರು ಒಂದು ಅಡಿ ಆಳದ ಕಾಲುವೆ ತೋಡಿ ಹೂಳಿಸಿದರು.

ಮೂರು ನಾಲ್ಕು ವಾರಗಳ ನಂತರ ಅದೇ ಜಾಗವನ್ನು ಅಗೆದಾಗ ಅವರಿಗೆ ಆಶ್ಚರ್ಯ ಕಾದಿತ್ತು. ಹೂಳಿದ್ದರ ಗುರುತೇ ಇರಲಿಲ್ಲ! ಬರೀ ಮಣ್ಣು ಇತ್ತು. ವಾಸನೆಯೂ ಇರಲಿಲ್ಲ.

ಮೌಲ್ ಅಲ್ಲಿಗೇ ನಿಲ್ಲಲಿಲ್ಲ. ಒಂದು ಚಪ್ಪರ ಹಾಕಿಸಿ ಅದರ ಕೆಳಗೆ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು ಇಟ್ಟರು. ಪ್ರತಿದಿನ ಬೆಳಿಗ್ಗೆ ಬಕೆಟ್ಟಿನಲ್ಲಿದ್ದುದನ್ನು ಆ ಒಣ ಮಣ್ಣಿನೊಂದಿಗೆ ಬೆರೆಸಿದರು. ಹತ್ತು ನಿಮಿಷ ಕಳೆಯುವುದರೊಳಗೆ ವಾಸನೆ ನಿಂತುಹೋಗುತ್ತಿತ್ತು. ಅದೇ ಮಣ್ಣನ್ನು ಮತ್ತೆ ಒಣಗಿಸಿ ಹಲವು ಸಲ ಬಳಸಬಹುದೆಂದೂ ಕಂಡುಕೊಂಡರು. ಐದು ಸಲ ಬಳಸಿದ ಮಣ್ಣನ್ನು ಒಬ್ಬ ರೈತ ಹೊಲದ ಅರ್ಧಕ್ಕೆ ಹಾಕಿದ. ಉಳಿದ ಅರ್ಧಕ್ಕೆ ಅಷ್ಟೇ ತೂಕದ ಸೂಪರ್ ಫಾಸ್ಫೇಟ್ ಗೊಬ್ಬರ ಹಾಕಿದ. ಮಣ್ಣು ಹಾಕಿದ ಕಡೆಯ ಗಡ್ಡೆಗಳು ಮೂರನೇ ಒಂದು ಭಾಗದಷ್ಟು ಹೆಚ್ಚು ದಪ್ಪವಾಗಿ ಬೆಳೆದವು.

ಒಣಮಣ್ಣಿನ ಶೌಚಾಲಯ

1860ರಲ್ಲಿ ಮೌಲ್ ಅವರು ಜೇಮ್ಸ್ ಬ್ಯಾನರ್ ಎಂಬುವರೊಂದಿಗೆ ಸೇರಿ ಒಣಮಣ್ಣಿನ ಶೌಚಾಲಯಕ್ಕೆ ಪೇಟೆಂಟ್ ಪಡೆದರು. ಅದರ ರಚನೆ ಸರಳ. ಮರದ ಪೀಠ, ಕೆಳಗೆ ಬಕೆಟ್, ಹಿಂದೆ ಒಣ ಮಣ್ಣು ತುಂಬಿದ ಪೆಟ್ಟಿಗೆ. ಹಿಡಿಕೆ ಎಳೆದರೆ ಗೊತ್ತಾದಷ್ಟು ಮಣ್ಣು ಬಕೆಟ್ಟಿನೊಳಗೆ ಬೀಳುತ್ತಿತ್ತು.

1865ರಲ್ಲಿ ಡಾರ್ಚೆಸ್ಟರ್‌ನ ಒಂದು ಶಾಲೆ ನೀರಿನ ಶೌಚಾಲಯಗಳನ್ನು ತೆಗೆದು ಇವನ್ನು ಹಾಕಿಸಿತು. ಅಲ್ಲಿ ವಾಸನೆಯ ತೊಂದರೆ ನಿಂತಿತು, ಖರ್ಚೂ ಇಳಿಯಿತು. ಲ್ಯಾಂಕಾಸ್ಟರ್‌ನ ಇನ್ನೊಂದು ಶಾಲೆ ಇವನ್ನು ತಂದ ಕಾರಣ ಕೇಳಿದರೆ ನಿಮಗೆ ನಗು ಬರುತ್ತದೆ. ಅಲ್ಲಿನ ಹುಡುಗರು ಗೋಲಿಗಳನ್ನೂ ವ್ಯಾಕರಣ ಪುಸ್ತಕದ ರಟ್ಟುಗಳನ್ನೂ ಹಾಕಿ ನೀರಿನ ಶೌಚಾಲಯದ ಕೊಳವೆಗಳನ್ನು ಕಟ್ಟಿಸಿಬಿಡುತ್ತಿದ್ದರಂತೆ! 1868ರಲ್ಲಿ ವಿಂಬಲ್ಡನ್ ಎಂಬಲ್ಲಿ ನಡೆದ ಸೈನಿಕ ಶಿಬಿರದಲ್ಲಿ ದಿನಕ್ಕೆ ಸುಮಾರು 2,000 ಜನ ಈ ಶೌಚಾಲಯಗಳನ್ನು ಬಳಸಿದರು.

ಭಾರತದಲ್ಲಿಯೂ ಬ್ರಿಟಿಷರು ಒಣಮಣ್ಣಿನ ಶೌಚಾಲಯಗಳನ್ನು ಬಹಳ ಕಡೆ ಬಳಸಿದರು. ಆದರೆ ನಮ್ಮ ದೇಶದಲ್ಲಿ ಒಣ ಶೌಚಾಲಯಗಳನ್ನು ಬರಿದು ಮಾಡುವ ಕೆಲಸವನ್ನು ಜಾತಿಯ ಹೆಸರಿನಲ್ಲಿ ಕೆಲವರ ಮೇಲೆಯೇ ಹೇರಲಾಯಿತು. ಮೌಲ್ ತಮ್ಮ ಮನೆಯಲ್ಲಿ ಮಾಡಿಸಿದಂತೆ ಮಣ್ಣಿನಲ್ಲಿ ಬೆರೆಸದೆ, ಹಸಿಯಾಗಿಯೇ ಹೊರಿಸಿದ್ದೂ ಉಂಟು. ಇದು ದೊಡ್ಡ ಅನ್ಯಾಯ. 1970ರ ದಶಕದಲ್ಲಿ ಕರ್ನಾಟಕದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದಲ್ಲಿ 1993ರಲ್ಲಿ ಮತ್ತು 2013ರಲ್ಲಿ ಇದರ ವಿರುದ್ಧ ಕಾನೂನುಗಳು ಬಂದವು. ವಿಜ್ಞಾನ ಎಷ್ಟೇ ಒಳ್ಳೆಯದಾದರೂ ಅದನ್ನು ಬಳಸುವವರಲ್ಲಿ ಸಮಾನತೆಯ ಮನಸ್ಸು ಇರಬೇಕು ಎಂಬುದನ್ನು ನಾವು ಮರೆಯಬಾರದು.

ಹೆನ್ರಿ ಮೌಲ್ 1880ರಲ್ಲಿ ಫೋರ್ಡಿಂಗ್ಟನ್‌ನಲ್ಲಿಯೇ ತೀರಿಕೊಂಡರು. ಪಟ್ಟಣಗಳಲ್ಲಿ ನಲ್ಲಿ ನೀರು ಮತ್ತು ಒಳಚರಂಡಿ ಬಂದಂತೆ ಅವರ ಶೌಚಾಲಯ ಹಿಂದೆ ಸರಿಯಿತು. ಆದರೆ ತತ್ವ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಕಟ್ಟುವ ಎರಡು ಗುಂಡಿಯ ಶೌಚಾಲಯದಲ್ಲಿ, ತುಂಬಿದ ಗುಂಡಿಯನ್ನು ಮುಚ್ಚಿ ಬಿಟ್ಟಾಗ ಅದು ಗೊಬ್ಬರವಾಗುವುದು ಇಂಥದೇ ಕ್ರಿಯೆಯಿಂದ.

ಮಣ್ಣು ವಾಸನೆಯನ್ನು ತಡೆಯುವುದು ಹೇಗೆ?

ಮೂತ್ರದಲ್ಲಿ ಯೂರಿಯಾ ಇರುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರವೂ ಇದೇ ವಸ್ತು. ಯೂರಿಯಾಕ್ಕೆ ಗಾಢ ವಾಸನೆಯಿಲ್ಲ. ಆದರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಅನಿಲವನ್ನು ಉಂಟುಮಾಡುತ್ತವೆ. ಮೂಗಿಗೆ ರಾಚುವುದು ಈ ಅಮೋನಿಯಾ. ಬೆಕ್ಕಿನ ಪೂರ್ವಜರು ಮರುಭೂಮಿ ಕಡೆಯ ಕಾಡುಬೆಕ್ಕುಗಳು. ನೀರನ್ನು ಉಳಿಸಲು ಅವುಗಳ ಮೂತ್ರ ಬಹಳ ಗಟ್ಟಿಯಾಗಿರುತ್ತಿತ್ತು. ಮನೆಯ ಬೆಕ್ಕಿನ ಮೂತ್ರವೂ ಹಾಗೆಯೇ ಇರುವುದರಿಂದ ವಾಸನೆ ಹೆಚ್ಚು.

ಒಣ ಮಣ್ಣು ಮೂರು ಕೆಲಸ ಮಾಡುತ್ತದೆ. ಒಂದು, ತೇವವನ್ನು ಹೀರುತ್ತದೆ. ತೇವ ಕಡಿಮೆಯಾದರೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ. ಎರಡು, ಮಣ್ಣಿನ ಜೇಡಿ ಕಣಗಳು ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೂರು, ಮಣ್ಣಿನ ಸೂಕ್ಷ್ಮಜೀವಿಗಳು ಗಾಳಿಯ ನೆರವಿನಿಂದ ಹೊಲಸನ್ನು ನಿಧಾನವಾಗಿ ಗೊಬ್ಬರ ಮಾಡುತ್ತವೆ. ಮಣ್ಣು ಒದ್ದೆಯಾಗಿದ್ದರೆ ಗಾಳಿ ಆಡುವುದಿಲ್ಲ, ವಾಸನೆ ನಿಲ್ಲುವುದಿಲ್ಲ. ಮೌಲ್ ಅವರು ಮಣ್ಣನ್ನು ಚಪ್ಪರದ ಕೆಳಗೆ ಒಣಗಿಸಿದ್ದು ಇದಕ್ಕಾಗಿಯೇ.

1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬುವರು ಒಣಗಿಸಿದ ಜೇಡಿಮಣ್ಣಿನ ಹರಳುಗಳನ್ನು ಬೆಕ್ಕಿನ ಬುಟ್ಟಿಗಾಗಿ ಮಾರಲು ಆರಂಭಿಸಿದರು. ಈಗ ಅಂಗಡಿಯಲ್ಲಿ ಸಿಗುವ, ಒದ್ದೆಯಾದೊಡನೆ ಉಂಡೆ ಕಟ್ಟುವ ಪುಡಿ ಬೆಂಟೊನೈಟ್ ಎಂಬ ಜೇಡಿ. ನಮ್ಮ ಯಲಬುರ್ಗಾ ಕಡೆಯ ಎರೆ ಹೊಲಗಳು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲವೇ? ಎರೆ ಮಣ್ಣಿನಲ್ಲಿಯೂ ಬೆಂಟೊನೈಟ್‌ನಲ್ಲಿ ಇರುವಂಥ ಜೇಡಿಯೇ ಇದೆ!

ಮನೆಯಲ್ಲಿ ಬೆಕ್ಕಿದ್ದರೆ

* ಬುಟ್ಟಿಯಲ್ಲಿ ಮೂರು ನಾಲ್ಕು ಬೆರಳು ದಪ್ಪ, ಚೆನ್ನಾಗಿ ಒಣಗಿದ, ಜರಡಿ ಹಿಡಿದ ಮಣ್ಣು ಹಾಕಿರಿ.
* ಹೊಲಸನ್ನೂ ಒದ್ದೆಯಾದ ಮಣ್ಣನ್ನೂ ಪ್ರತಿದಿನ ದೊಡ್ಡವರು ತೆಗೆದು, ಬಾವಿ ಮತ್ತು ತರಕಾರಿ ಮಡಿಯಿಂದ ದೂರ ಹೂಳಬೇಕು. ವಾರಕ್ಕೊಮ್ಮೆ ಎಲ್ಲ ಮಣ್ಣನ್ನೂ ಬದಲಿಸಿ, ಬುಟ್ಟಿಯನ್ನು ಸೋಪಿನಿಂದ ತೊಳೆದು ಬಿಸಿಲಿಗೆ ಇಡಬೇಕು.
* ಬ್ಲೀಚಿಂಗ್ ಪುಡಿ ಹಾಕಲೇಬಾರದು. ಅದು ಅಮೋನಿಯಾದೊಂದಿಗೆ ಸೇರಿದರೆ ವಿಷಾನಿಲ ಉಂಟಾಗುತ್ತದೆ. ಫಿನೈಲ್ ಬೆಕ್ಕಿಗೆ ವಿಷ.
* ವಾಸನೆ ಹೋದರೆ ರೋಗಾಣು ಹೋಯಿತೆಂದು ತಿಳಿಯಬಾರದು. ಬೆಕ್ಕಿನ ಮಲದಿಂದ ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಹರಡಬಹುದು. ಗರ್ಭಿಣಿಯರು ಬುಟ್ಟಿಯನ್ನು ಮುಟ್ಟದಿರುವುದು ಒಳ್ಳೆಯದು. ಉಳಿದವರು ಮುಟ್ಟಿದ ನಂತರ ಸೋಪು ಹಚ್ಚಿ ಕೈ ತೊಳೆಯಲೇಬೇಕು.

ಮಾಡಿ ನೋಡಿ

ಒಂದೇ ಅಳತೆಯ ಮೂರು ಡಬ್ಬಿ ತೆಗೆದುಕೊಳ್ಳಿ. ಮೊದಲನೆಯದನ್ನು ಖಾಲಿ ಬಿಡಿ. ಎರಡನೆಯದಕ್ಕೆ ಅರ್ಧದಷ್ಟು ಒಣ ಮಣ್ಣು, ಮೂರನೆಯದಕ್ಕೆ ಅಷ್ಟೇ ಒದ್ದೆ ಮಣ್ಣು ಹಾಕಿ. ಮೂರಕ್ಕೂ ಎರಡೆರಡು ಚಮಚ ಆಕಳ ಗಂಜಲ ಸುರಿದು, ಕಾಗದದಿಂದ ಮುಚ್ಚಿ ನೆರಳಿನಲ್ಲಿ ಇಡಿ. ಮೂರು ದಿನ, ದಿನಕ್ಕೊಮ್ಮೆ ಕಾಗದ ತೆಗೆದು, ಡಬ್ಬಿಯ ಮೇಲೆ ಕೈ ಬೀಸಿಕೊಂಡು ದೂರದಿಂದಲೇ ಮೂಸಿ ನೋಡಿ. ಯಾವುದರಲ್ಲಿ ವಾಸನೆ ಹೆಚ್ಚು? ಯಾವುದರಲ್ಲಿ ಕಡಿಮೆ? ಎರೆ ಮಣ್ಣಿಗೂ ಮಸಾರಿ ಮಣ್ಣಿಗೂ ವ್ಯತ್ಯಾಸವಿದೆಯೇ? ಕಂಡದ್ದನ್ನು ದಿನಾಂಕ ಹಾಕಿ ನೋಟ್ ಪುಸ್ತಕದಲ್ಲಿ ಬರೆದು, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ. ಆಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ.