ಬಿಲ್ ವಿಲ್ಸನ್ (1895–1971): ಮದ್ಯವ್ಯಸನಿಗಳ ಸಹಾಯ ಕೂಟದ ಸ್ಥಾಪಕರ ಜೀವನ ಪರಿಚಯ

ಮೈಸೂರು ನಗರದ ಕೃಷ್ಣರಾಜೇಂದ್ರ ಆಸ್ಪತ್ರೆ ಹಾಗೂ ಜೆ.ಎಸ್.ಎಸ್. ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಮದ್ಯವ್ಯಸನಕ್ಕೆ ಚಿಕಿತ್ಸೆ ದೊರೆಯುತ್ತದೆ. ಆದರೆ ಚಿಕಿತ್ಸೆ ಪಡೆದು ಮನೆಗೆ ಮರಳಿದ ನಂತರದ ತಿಂಗಳುಗಳಲ್ಲಿ ಪುನಃ ಕುಡಿತಕ್ಕೆ ಜಾರುವವರು ಅನೇಕರು. ಈ ಅವಧಿಯಲ್ಲಿ ಆಸರೆಯಾಗುವುದು ಸಹಾಯ ಕೂಟ. ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಎಂಬ ಕೂಟದ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಅವರ ಜೀವನವನ್ನು ಸಾರ್ವಜನಿಕರ ಮಾಹಿತಿಗಾಗಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಬಾಲ್ಯ ಮತ್ತು ಉದ್ಯೋಗ

ವಿಲಿಯಂ ಗ್ರಿಫಿತ್ ವಿಲ್ಸನ್ ಅವರು 1895ರ ನವೆಂಬರ್ 26ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಗ್ರಾಮದಲ್ಲಿ ಜನಿಸಿದರು. ತಂದೆ ತಾಯಿ ಬೇರ್ಪಟ್ಟ ಕಾರಣ ತಾಯಿಯ ತವರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಅಧಿಕಾರಿಯಾಗಿದ್ದಾಗ ಮದ್ಯದ ರುಚಿ ಹತ್ತಿತು. 1918ರಲ್ಲಿ ಲೋಯಿಸ್ ಬರ್ನ್‌ಹ್ಯಾಮ್ ಅವರನ್ನು ವಿವಾಹವಾದರು. ಯುದ್ಧಾನಂತರ ನ್ಯೂಯಾರ್ಕ್‌ನ ಷೇರು ಪೇಟೆಯಲ್ಲಿ ಕಂಪನಿಗಳ ಸ್ಥಿತಿಗತಿ ಪರಿಶೀಲಿಸುವ ಕೆಲಸದಲ್ಲಿ ಹೆಸರು ಮತ್ತು ಹಣ ಎರಡನ್ನೂ ಗಳಿಸಿದರು. 1929ರ ಷೇರು ಪೇಟೆಯ ಕುಸಿತದಲ್ಲಿ ಹಣ ಹೋಯಿತು. ಕುಡಿತ ಮಾತ್ರ ಹೆಚ್ಚಿತು. ಸಂಸಾರವು ಪತ್ನಿಯ ದುಡಿಮೆಯಿಂದ ನಡೆಯತೊಡಗಿತು.

ಚಿಕಿತ್ಸೆ

1933–34ರ ಅವಧಿಯಲ್ಲಿ ಅವರು ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ ನಾಲ್ಕು ಬಾರಿ ದಾಖಲಾದರು. ಮದ್ಯವ್ಯಸನವು ನಡತೆಯ ದೋಷವಲ್ಲ, ಕಾಯಿಲೆ ಎಂಬುದನ್ನು ಅಲ್ಲಿನ ವೈದ್ಯರಾದ ಡಾ. ವಿಲಿಯಂ ಸಿಲ್ಕ್‌ವರ್ತ್ ಅವರಿಗೆ ತಿಳಿಸಿಕೊಟ್ಟರು. 1934ರ ಡಿಸೆಂಬರ್‌ನಲ್ಲಿ ಅವರು ಕೊನೆಯ ಬಾರಿ ಕುಡಿದರು. ಮದ್ಯ ತ್ಯಜಿಸಿದ್ದ ಹಳೆಯ ಸ್ನೇಹಿತರೊಬ್ಬರು ಅದಕ್ಕೆ ಸ್ವಲ್ಪ ಮುಂಚೆ ಮನೆಗೆ ಬಂದು ಮಾತನಾಡಿದ್ದು ಅವರ ಮನಸ್ಸಿನಲ್ಲಿ ನಿಂತಿತ್ತು. ನಂತರದ ತಿಂಗಳುಗಳಲ್ಲಿ ಅವರು ಅನೇಕ ವ್ಯಸನಿಗಳಿಗೆ ನೆರವಾಗಲು ಯತ್ನಿಸಿದರು. ಅವರಲ್ಲಿ ಒಬ್ಬರೂ ಕುಡಿತ ಬಿಡಲಿಲ್ಲ. ಆದರೆ ನೆರವಾಗಲು ಹೋದ ವಿಲ್ಸನ್ ಅವರು ಮಾತ್ರ ಪುನಃ ಕುಡಿಯಲಿಲ್ಲ.

ಆಕ್ರನ್ ನಗರದ ಭೇಟಿ

1935ರ ಮೇ ತಿಂಗಳಿನಲ್ಲಿ ವ್ಯವಹಾರ ನಿಮಿತ್ತ ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಹೋಗಿದ್ದರು. ಕೆಲಸ ಕೈಗೂಡಲಿಲ್ಲ. ಕೈಯಲ್ಲಿ ಹಣವಿರಲಿಲ್ಲ. ತಂಗಿದ್ದ ಹೋಟೆಲಿನ ಒಂದು ಬದಿಯಲ್ಲಿ ಮದ್ಯದಂಗಡಿ, ಇನ್ನೊಂದು ಬದಿಯಲ್ಲಿ ದೂರವಾಣಿ ಹಾಗೂ ಊರಿನ ಚರ್ಚುಗಳ ಪಟ್ಟಿ. ಅವರು ದೂರವಾಣಿಯ ಕಡೆಗೆ ನಡೆದರು. ತನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬ ವ್ಯಸನಿಯ ಜೊತೆ ಮಾತನಾಡಬೇಕಾಗಿದೆ ಎಂದು ಅಪರಿಚಿತರಲ್ಲಿ ವಿಚಾರಿಸಿದರು. ಹೀಗೆ ಒಬ್ಬರಿಂದ ಒಬ್ಬರನ್ನು ಕೇಳುತ್ತಾ ಹೋಗಿ, ಅದೇ ಊರಿನ ಶಸ್ತ್ರಚಿಕಿತ್ಸಕರಾದ ಡಾ. ಬಾಬ್ ಸ್ಮಿತ್ ಅವರನ್ನು ಭೇಟಿಯಾದರು. ಹದಿನೈದು ನಿಮಿಷವಷ್ಟೇ ಇರುವುದಾಗಿ ಬಂದಿದ್ದ ವೈದ್ಯರು ಗಂಟೆಗಟ್ಟಲೆ ಕುಳಿತರು. ವಿಲ್ಸನ್ ಅವರು ಉಪದೇಶ ಮಾಡಲಿಲ್ಲ. ತಮ್ಮ ಕಥೆಯನ್ನು ಹೇಳಿದರು. ಡಾ. ಸ್ಮಿತ್ ಅವರು ಒಮ್ಮೆ ಎಡವಿ ಪುನಃ ಕುಡಿದರಾದರೂ, 1935ರ ಜೂನ್ 10ರ ನಂತರ ಮದ್ಯ ಮುಟ್ಟಲಿಲ್ಲ. ಆ ದಿನವನ್ನೇ ಎ.ಎ. ಸ್ಥಾಪನಾ ದಿನವೆಂದು ಪರಿಗಣಿಸಲಾಗಿದೆ.

ಸಂಸ್ಥೆಯ ಬೆಳವಣಿಗೆ

1938ರಲ್ಲಿ ಧನಿಕರಾದ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರಲ್ಲಿ ನೆರವು ಕೋರಲಾಯಿತು. ಹೆಚ್ಚಿನ ಹಣವು ಈ ಕಾರ್ಯವನ್ನು ಕೆಡಿಸೀತೆಂದು ಅವರು 5,000 ಡಾಲರ್ ಮಾತ್ರ ನೀಡಿದರು. ಹೊರಗಿನ ದೇಣಿಗೆ ಪಡೆಯದೆ ಸದಸ್ಯರ ಸ್ವಇಚ್ಛೆಯ ಕಾಣಿಕೆಯಿಂದಲೇ ನಡೆಯುವುದು ಮುಂದೆ ಕೂಟದ ನಿಯಮವಾಯಿತು. ವ್ಯಸನಮುಕ್ತಿಯ ಹನ್ನೆರಡು ಹಂತಗಳನ್ನು ತಿಳಿಸುವ ಗ್ರಂಥವು 1939ರಲ್ಲಿ ಪ್ರಕಟವಾಯಿತು. ಅದೇ ವರ್ಷ ವಿಲ್ಸನ್ ದಂಪತಿಗಳು ವಾಸದ ಮನೆಯನ್ನು ಕಳೆದುಕೊಂಡು ಎರಡು ವರ್ಷ ಪರರ ಮನೆಗಳಲ್ಲಿ ಕಾಲ ಕಳೆದರು. 1951ರಲ್ಲಿ ಶ್ರೀಮತಿ ಲೋಯಿಸ್ ಅವರು ವ್ಯಸನಿಗಳ ಕುಟುಂಬದವರಿಗಾಗಿ ಅಲ್-ಅನಾನ್ ಕೂಟವನ್ನು ಸ್ಥಾಪಿಸುವಲ್ಲಿ ಮುಂದಾದರು. ಭಾರತದಲ್ಲಿ ಎ.ಎ. ಕೂಟವು 1957ರಲ್ಲಿ ದೆಹಲಿಯಲ್ಲಿ ಆರಂಭವಾಯಿತು.

ಕೊನೆಯ ದಿನಗಳು

ಮದ್ಯ ತ್ಯಜಿಸಿದ ಬಳಿಕವೂ ಅವರ ಬದುಕು ಸುಗಮವಾಗಿರಲಿಲ್ಲ. ಅನೇಕ ವರ್ಷ ಖಿನ್ನತೆ ಕಾಡಿತು. ಧೂಮಪಾನವನ್ನು ಬಿಡಲು ಬಹುಕಾಲ ಸಾಧ್ಯವಾಗದೆ ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಸದಸ್ಯರ ಹೆಸರು ಹೊರಗೆ ಪ್ರಕಟವಾಗಬಾರದೆಂಬ ನಿಯಮಕ್ಕೆ ಬದ್ಧರಾಗಿ, ಯೇಲ್ ವಿಶ್ವವಿದ್ಯಾನಿಲಯ ನೀಡಲು ಬಯಸಿದ ಗೌರವ ಪದವಿಯನ್ನು ನಿರಾಕರಿಸಿದರು. 1971ರ ಜನವರಿ 24ರಂದು, ತಮ್ಮ ವಿವಾಹದ ವಾರ್ಷಿಕ ದಿನದಂದೇ, ನಿಧನರಾದರು. 36 ವರ್ಷಗಳ ಕಾಲ ಅವರು ಮದ್ಯ ಮುಟ್ಟಿರಲಿಲ್ಲ.

ಸಾರ್ವಜನಿಕರ ಗಮನಕ್ಕೆ

ಸಹಾಯ ಕೂಟಕ್ಕೆ ಸೇರಲು ಅರ್ಜಿ, ಶುಲ್ಕ, ಆದಾಯ ಅಥವಾ ಜಾತಿ ಪ್ರಮಾಣಪತ್ರ ಯಾವುದೂ ಬೇಕಿಲ್ಲ. ಕುಡಿತ ನಿಲ್ಲಿಸಬೇಕೆಂಬ ಇಚ್ಛೆಯೊಂದೇ ಅರ್ಹತೆ. ಪೂರ್ಣ ಹೆಸರು, ಕೆಲಸ ತಿಳಿಸುವ ಅಗತ್ಯವಿಲ್ಲ. ಮೊದಲ ದಿನ ಮಾತನಾಡದೆ ಕೇವಲ ಕೇಳಿ ಬರಬಹುದು. ಮುಕ್ತ ಸಭೆಗಳಿಗೆ ಕುಟುಂಬದವರೂ ಹೋಗಬಹುದು. ಇತರ ಸಭೆಗಳು ವ್ಯಸನಿಗಳಿಗೆ ಮಾತ್ರ. ಸಭೆಯು ಚರ್ಚಿನ ಅಥವಾ ಶಾಲೆಯ ಕೊಠಡಿಯಲ್ಲಿ ನಡೆದರೂ ಕೂಟವು ಯಾವ ಮತಕ್ಕೂ ಸೇರಿದ್ದಲ್ಲ.

ಪ್ರತಿದಿನ ಹೆಚ್ಚು ಕುಡಿಯುವವರು ಹಠಾತ್ತನೆ ನಿಲ್ಲಿಸಿದಲ್ಲಿ ನಡುಕ, ಅಪಸ್ಮಾರ, ಭ್ರಮೆ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣತಕ್ಕದ್ದು. ನಗರದ ನಿವಾಸಿಗಳು ಮೇಲ್ಕಂಡ ಆಸ್ಪತ್ರೆಗಳ ಮನೋವೈದ್ಯರಲ್ಲಿ ಸಮೀಪದ ಕೂಟದ ಸ್ಥಳ ಮತ್ತು ವೇಳೆಯನ್ನು ವಿಚಾರಿಸಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಹಾಗೂ ಟೆಲಿ ಮಾನಸ್ 14416 ಶುಲ್ಕರಹಿತವಾಗಿವೆ. ವಿಲ್ಸನ್ ಅವರು ಆಕ್ರನ್ ನಗರದಲ್ಲಿ ಮಾಡಿದ್ದೂ ಇಷ್ಟೇ: ಮದ್ಯದಂಗಡಿಗೆ ಹೋಗುವ ಮುನ್ನ ಒಂದು ಕರೆ.